ಕೊಡಗಿನ ಸುಂಟಿಕೊಪ್ಪದ ಬಳಿಯ ಹಳೇ ಬಂಗಲೆ: ಮಾರಾಟಕ್ಕೆ ಇಡುವ ಮೊದಲು 28 ತಿಂಗಳ ರಿಪೇರಿ

2025ರ ಜನವರಿ ಕೊನೆಗೆ ಊಟದ ಕೋಣೆಯ ಬಾಗಿಲಿಗೆ ಎಣ್ಣೆ ಹಚ್ಚಿ ಮುಗಿಸಿದೆವು. ಅಲ್ಲಿಗೆ ಕೆಲಸ ಮುಗಿಯಿತು. ಇನ್ನು ಈ ಮನೆ ಮಾರಾಟಕ್ಕಿದೆ. ನಾವು ನಾಲ್ಕು ಜನ ಪಾಲುದಾರರು, ಮೂವರು ಊರಲ್ಲಿಲ್ಲ. ಇಟ್ಟುಕೊಳ್ಳುವ ಶಕ್ತಿ ಯಾರಿಗೂ ಇಲ್ಲ. ಬಿದ್ದುಹೋಗುವ ಸ್ಥಿತಿಯಲ್ಲಿ ಮಾರಲು ಮನಸ್ಸು ಬರಲಿಲ್ಲ, ಅದಕ್ಕೆ ರಿಪೇರಿ. ಹಳೇ ಮನೆ ಕೈಗೆತ್ತಿಕೊಂಡವರಿಗೆ ಉಪಯೋಗ ಆಗಲಿ ಅಂತ ನನ್ನ ನೋಟ್‌ಬುಕ್ಕಿನಲ್ಲಿ ಇದ್ದದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ. ನಾಳೆ ಈ ಮನೆ ಕೊಳ್ಳುವವರೂ ಇದನ್ನು ಓದಬೇಕು ಅನ್ನುವುದು ನನ್ನ ಆಸೆ.

ಮನೆಯ ಅಳತೆ ಹೀಗಿದೆ. ಕಟ್ಟಡ 3,400 ಚದರಡಿ, ಒಂದೇ ಅಂತಸ್ತು. ಮೂರು ಕಡೆ ವೆರಾಂಡ. ಎರಡೂವರೆ ಅಡಿ ಎತ್ತರದ ಕಾಡುಕಲ್ಲಿನ ಪಂಚಾಂಗ (ಮನೆಯ ಅಡಿಪಾಯ), ಅದರ ಮೇಲೆ ಮಣ್ಣಿನ ಗಾರೆಯಲ್ಲಿ ಕಟ್ಟಿದ 18 ಇಂಚಿನ ಇಟ್ಟಿಗೆ ಗೋಡೆ, ಮೇಲೆ ಸುಣ್ಣದ ಗಿಲಾವು. ಮಂಗಳೂರು ಹಂಚಿನ ಮಾಡು, ಅಂದರೆ ಛಾವಣಿ. ಎರಡು ಬೆಂಕಿಗೂಡು, ಒಂದೇ ಚಿಮಣಿ. ಸುತ್ತ ಎರಡು ಎಕರೆ ಅಂಗಳ, ಹುಲ್ಲು, ಒಂದು ಕೆರೆ. ಅದರಾಚೆ ಏಳು ಎಕರೆ ರೊಬಸ್ಟಾ ಕಾಫಿ, ಮರಗಳಿಗೆ ಹಬ್ಬಿದ ಕರಿಮೆಣಸು. ತಾತ ಇದನ್ನು 1948ರಲ್ಲಿ ಬ್ರಿಟಿಷ್ ಪ್ಲಾಂಟರ್ ಒಬ್ಬರಿಂದ ಕೊಂಡಿದ್ದು. ನಮ್ಮ ಹತ್ತಿರ ಇರುವ ಅತಿ ಹಳೆಯ ಕಾಗದ 1911ರ ಕಂದಾಯ ರಸೀದಿ.

ಮೇ 2022: ಬಣ್ಣದಿಂದ ಶುರು ಮಾಡಿದ್ದು

ಮೊದಲ ತಪ್ಪು ಇದು. ಪಶ್ಚಿಮದ ಮಲಗುವ ಕೋಣೆಯಲ್ಲಿ ನೆಲದಿಂದ ಮೂರಡಿ ಎತ್ತರದವರೆಗೆ ಗೋಡೆ ಉಪ್ಪು ಕಕ್ಕಿತ್ತು. ಅಂಗಡಿಯವರು ಹೇಳಿದ ಹಾಗೆ ಕೆರೆದು, ಸಿಮೆಂಟ್ ಪುಟ್ಟಿ ಹಚ್ಚಿ, ವಾಟರ್‌ಪ್ರೂಫ್ ಬಣ್ಣ ಎರಡು ಕೋಟ್ ಹೊಡೆಸಿದೆ. 42,000 ರೂಪಾಯಿ ಆಯಿತು. ಜೂನ್‌ನಲ್ಲಿ ಚೆನ್ನಾಗಿತ್ತು. ಆಗಸ್ಟ್‌ನಲ್ಲಿ, ಕಕ್ಕಡದ (ಕೊಡಗಿನಲ್ಲಿ ಜೋರು ಮಳೆಯ ತಿಂಗಳು) ಮಳೆ ಹಿಡಿದಾಗ, ಬಣ್ಣ ದೋಸೆ ಉಬ್ಬಿದ ಹಾಗೆ ಉಬ್ಬಿತು. ಬೆರಳಿನಿಂದ ಒತ್ತಿದರೆ ಒಳಗೆ ನೀರು ಅಲುಗಾಡುತ್ತಿತ್ತು. ಒಂದು ಗುಳ್ಳೆ ಒಡೆದೆ. ಉಪ್ಪುನೀರು ಮೊಣಕೈವರೆಗೆ ಇಳಿಯಿತು. ತೇವ ಈಗ ಮೂರಡಿಯಲ್ಲ, ನಾಲ್ಕೂವರೆ ಅಡಿಗೆ ಏರಿತ್ತು.

ಆಗ ಹಳೇ ಮೇಸ್ತ್ರಿಯೊಬ್ಬರನ್ನು ಕರೆಸಿದೆ. ಅವರು ಗೋಡೆ ನೋಡಲಿಲ್ಲ. ಹೊರಗೆ ಹೋಗಿ ಹೂವಿನ ಪಾತಿಯಲ್ಲಿ ಕೂತು ಮಣ್ಣು ಕೆದಕಿದರು. "ಪಂಚಾಂಗ ಎಲ್ಲಿ ಹೋಯಿತು?" ಅಂದರು. ಎಂಟು ಹತ್ತು ದಶಕಗಳಲ್ಲಿ ಗೊಬ್ಬರ, ಮಣ್ಣು ಹಾಕಿ ಹಾಕಿ ಪಾತಿ ಪಂಚಾಂಗವನ್ನು ನುಂಗಿತ್ತು. ಹೊರಗಿನ ಮಣ್ಣು ಒಳಗಿನ ನೆಲಕ್ಕಿಂತ 9 ಇಂಚು ಮೇಲಿತ್ತು! ಗೋಡೆ ಮಣ್ಣಿನಿಂದ ನೀರು ಹೀರುತ್ತಿತ್ತು. ಹೊರಗೆ ಬಿಡಲು ದಾರಿ ಇಲ್ಲದ ಹಾಗೆ ನಾನು ಬಣ್ಣ ಬಳಿದಿದ್ದೆ.

ಅಕ್ಟೋಬರ್–ನವೆಂಬರ್ 2022: ಚರಂಡಿ

ಕಾವೇರಿ ಸಂಕ್ರಮಣ ಕಳೆದ ಮೇಲೆ ನಿಜವಾದ ಕೆಲಸ ಹಿಡಿದೆವು, 28 ತಿಂಗಳ ಲೆಕ್ಕ ಇಲ್ಲಿಂದ. ಪಶ್ಚಿಮ, ದಕ್ಷಿಣ ಎರಡೂ ಬದಿ, ಒಟ್ಟು 124 ಅಡಿ ಉದ್ದ ಕೈಯಲ್ಲೇ ಅಗೆದದ್ದು. ಪಂಚಾಂಗದ ಪಕ್ಕ ಜೆಸಿಬಿ ಬೇಡ ಎಂದು ಮೇಸ್ತ್ರಿ ಖಡಾಖಂಡಿತ ಹೇಳಿದ್ದರು. ನಾಲ್ಕನೇ ದಿನ ಗುದ್ದಲಿ ಕಲ್ಲಿಗೆ ತಾಗಿತು. ನೋಡಿದರೆ ಹಾಸುಗಲ್ಲಿನ ಹಳೇ ಚರಂಡಿ! 14 ಇಂಚು ಅಗಲ. ಬೇರು ತುಂಬಿತ್ತು, ಆದರೆ ಕಲ್ಲು ಒಂದೂ ಸರಿದಿರಲಿಲ್ಲ. ತೊಳೆದು ಒಂದು ಬಕೆಟ್ ನೀರು ಸುರಿದೆವು. ನೀರು ಮನೆಯ ಮೂಲೆ ತಿರುಗಿ ಕೆರೆ ಕಡೆಗೆ ಹರಿದೇ ಹೋಯಿತು. ಕಟ್ಟಿದವರು ಇಳಿಜಾರನ್ನು ಅಷ್ಟು ಸರಿಯಾಗಿ ಕೊಟ್ಟಿದ್ದರು. ನಾವು ಅದನ್ನು ಹೂಳಿದ್ದೆವು, ಅಷ್ಟೇ.

ಹೊಸದಾಗಿ ಏನೂ ಕಟ್ಟಲಿಲ್ಲ. ಆರು ಕಡೆ ಒಡೆದ ಕಲ್ಲು ಬದಲಿಸಿದೆವು, ಪಾತಿಯ ಮಣ್ಣು 16 ಇಂಚು ಇಳಿಸಿದೆವು, ಗೋಡೆಯಿಂದ ಮೂರಡಿ ದೂರ ಗಿಡ ಇರಬಾರದು ಅಂತ ನಿಯಮ ಮಾಡಿದೆವು. 1.1 ಲಕ್ಷ ಆಯಿತು, ಹೆಚ್ಚಿನದು ಕೂಲಿ. ಇಡೀ ಕೆಲಸದಲ್ಲಿ ಕೊಟ್ಟ ದುಡ್ಡಿಗೆ ಇಷ್ಟು ಫಲ ಸಿಕ್ಕಿದ್ದು ಬೇರೆ ಯಾವುದಕ್ಕೂ ಇಲ್ಲ.

ಒಳಗಿನ ವಾಟರ್‌ಪ್ರೂಫ್ ಬಣ್ಣ, ಸಿಮೆಂಟ್ ಎಲ್ಲ ಕಿತ್ತು ಇಟ್ಟಿಗೆ ಕಾಣುವ ಹಾಗೆ ಬಿಟ್ಟೆವು. ಒಂದು ವರ್ಷ ಹಾಗೇ ಒಣಗಿತು.

ಡಿಸೆಂಬರ್ 2022–ಮಾರ್ಚ್ 2023: ಮಾಡು

ಮಾಡಿನ ವಿಸ್ತೀರ್ಣ ಸುಮಾರು 4,600 ಚದರಡಿ. ನೂರು ಚದರಡಿಗೆ 150 ಹಂಚು ಲೆಕ್ಕ. ಅಂದರೆ 6,900 ಹಂಚು, ಒಂದೊಂದು ಎರಡೂವರೆ ಕೆಜಿ ಮೇಲೆ. 17 ಟನ್ ಭಾರವನ್ನು ಕೈಯಿಂದ ಕೈಗೆ ಇಳಿಸಿ, ಬ್ರಷ್‌ನಲ್ಲಿ ಪಾಚಿ ಉಜ್ಜಿ, ಮತ್ತೆ ಏರಿಸಬೇಕು. ಆರು ಜನರಿಗೆ ಇಳಿಸಲು 11 ದಿನ ಹಿಡಿಯಿತು. 1,850 ಹಂಚು ಒಡೆದಿತ್ತು ಅಥವಾ ಕೂದಲೆಳೆ ಬಿರುಕು ಬಿಟ್ಟಿತ್ತು. ಬಿರುಕು ಕಣ್ಣಿಗೆ ಕಾಣುವುದಿಲ್ಲ. ಹಂಚನ್ನು ಒಂದು ಕೈಯಲ್ಲಿ ತೂಗುಹಾಕಿ ಬೆರಳ ಗೆಣ್ಣಿನಿಂದ ತಟ್ಟಬೇಕು. ಒಳ್ಳೇ ಹಂಚು ಟಿಂಗ್ ಅನ್ನುತ್ತದೆ, ಬಿರುಕಿನದು ದಬ್ ಅನ್ನುತ್ತದೆ. ನಾಲ್ಕು ದಿನ ಬರೀ ತಟ್ಟುವ ಕೆಲಸ ನಾನೇ ಮಾಡಿದೆ.

ಹಂಚಿನ ಬೆನ್ನಲ್ಲಿ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ) ಮುದ್ರೆ, ಜೊತೆಗೆ 1865 ಎಂಬ ಇಸವಿ ಇದೆ. ಮೊದಲು ಬಂದ ದಲ್ಲಾಳಿ ಅದನ್ನು ನೋಡಿ "1865ರ ಬಂಗಲೆ" ಅಂತ ಹೇಳಿಕೊಂಡು ಬಂದರು. ಅದು ತಪ್ಪು. 1865 ಅಂದರೆ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ, ಹಂಚು ಸುಟ್ಟ ವರ್ಷ ಅಲ್ಲ. ಮೊದಲ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಹಾಗಾಗಿ ಮಿಷನ್ ಹೆಸರಿನ ಹಂಚು ಅಂದರೆ ಹೆಚ್ಚುಕಡಿಮೆ ಯುದ್ಧಕ್ಕೆ ಮೊದಲಿನದು ಎಂದು ಹೇಳಬಹುದು. ನಮ್ಮ 1911ರ ರಸೀದಿಗೂ ಅದು ಹೊಂದುತ್ತದೆ. ಮಾರುವ ಕಾಗದದಲ್ಲಿ ನಾನು ಇಷ್ಟನ್ನೇ ಬರೆದಿದ್ದೇನೆ.

ಮರ ನೋಡೋಣ. ಮಾಡನ್ನು ಹೊರುವ ಇಳಿಜಾರು ಮರಗಳಾದ 112 ಪಕ್ಕಾಸುಗಳಲ್ಲಿ 31 ಹೋಗಿದ್ದವು. ಎಲ್ಲವೂ ಗೋಡೆಯ ಮೇಲೆ ಕೂರುವ ತುದಿಯಲ್ಲೇ ಲಡ್ಡಾಗಿದ್ದವು. ನಡುಭಾಗ ಹೊನ್ನೆ, ಇವತ್ತಿಗೂ ಉಳಿ ಇಳಿಯುವುದಿಲ್ಲ. ಮನೆ ಕೆಡವಿದ ಕಡೆಯಿಂದ ಹಳೇ ಹೊನ್ನೆ ತಂದೆವು. ಹೊಸ ಮರಕ್ಕಿಂತ ದುಬಾರಿ ಏನಲ್ಲ, ಒಣಗಿರುವುದರಿಂದ ಸೊಟ್ಟ ಆಗುವುದಿಲ್ಲ. ಒಳಗಿನ ಮರಕ್ಕೆಲ್ಲ ಬೋರಾಕ್ಸ್ ಮೂರು ಪಾಲು, ಬೋರಿಕ್ ಪುಡಿ ಎರಡು ಪಾಲು ಬೆರೆಸಿ, 10 ಲೀಟರ್ ಬಿಸಿ ನೀರಿಗೆ ಒಂದು ಕೆಜಿಯಂತೆ ಕರಗಿಸಿ ಎರಡು ಸಲ ಹಚ್ಚಿದೆವು. ಇದು ಮಳೆಗೆ ತೊಳೆದುಹೋಗುತ್ತದೆ, ಆದ್ದರಿಂದ ಹೊರಗೆ ಚಾಚಿದ ತುದಿಗಳಿಗೆ ಗೇರು ಎಣ್ಣೆ. ಅದು ಕೈ ಸುಡುತ್ತದೆ. ಮೊದಲ ದಿನ ಗ್ಲೌಸ್ ತರಿಸಿರಲಿಲ್ಲ. ಇಬ್ಬರು ಹುಡುಗರ ಮುಂಗೈ ತುಂಬ ಬೊಬ್ಬೆ ಎದ್ದವು. ವಾರ ಕೂಲಿ ಕೊಟ್ಟು ಮನೆಯಲ್ಲಿ ಕೂರಿಸಿದೆ. ಆ ವಿಷಯದಲ್ಲಿ ನನಗೆ ಇನ್ನೂ ಬೇಜಾರಿದೆ. ಮೊದಲೇ ಕೇಳಿ ತಿಳಿಯಬೇಕಿತ್ತು.

ದೊಡ್ಡ ಎಡವಟ್ಟು ಆದದ್ದು ರೀಪಿನಲ್ಲಿ, ಅಂದರೆ ಹಂಚು ಕೂರುವ ಅಡ್ಡ ಪಟ್ಟಿಯಲ್ಲಿ. ಕೊರತೆ ತುಂಬಲು 2,000 ಹಳೇ ಹಂಚನ್ನು ತಲಾ 12 ರೂಪಾಯಿಗೆ ತಂದಿದ್ದೆ. ಅವು ಬೇರೆ ಕಾರ್ಖಾನೆಯವು. ಆಚಾರಿ ಆ ಹಂಚನ್ನು ಅಳೆದು ಹನ್ನೆರಡೂವರೆ ಇಂಚಿಗೊಂದು ರೀಪು ಹೊಡೆದುಕೊಂಡು ಹೋದರು. ಎರಡು ಇಳಿಜಾರು ಮುಗಿದಿತ್ತು. ಮಿಷನ್ ಹಂಚು ಏರಿಸಲು ಹೋದರೆ ಅದರ ಮೂಗು ರೀಪಿಗೆ ಕಚ್ಚುತ್ತಿಲ್ಲ. ಅದಕ್ಕೆ ಹನ್ನೆರಡೂ ಮುಕ್ಕಾಲು ಬೇಕಿತ್ತು. ಕಾಲಿಂಚು ವ್ಯತ್ಯಾಸ! ಎರಡೂ ಇಳಿಜಾರಿನ ರೀಪು ಕಿತ್ತು ಮತ್ತೆ ಹೊಡೆದದ್ದಕ್ಕೆ 38,000 ರೂಪಾಯಿ ಮತ್ತು ಒಂಬತ್ತು ದಿನ ಹೋಯಿತು. ಒಂದು ಕಾರ್ಖಾನೆಯ ಹಂಚು ಇನ್ನೊಂದರ ಜೊತೆ ಕೂರುವುದೂ ಇಲ್ಲ, ಸಂದಿಯಲ್ಲಿ ಮಳೆ ನುಗ್ಗುತ್ತದೆ. ಕೊನೆಗೆ ಮಿಷನ್ ಹಂಚನ್ನೆಲ್ಲ ಮುಖ್ಯ ಮಾಡಿಗೆ ಹಾಕಿ, ತಂದ ಹಂಚನ್ನು ಹಿಂದಿನ ಅಡುಗೆ ಮನೆ ಮಾಡಿಗೆ ಪ್ರತ್ಯೇಕವಾಗಿ ಹಾಕಿದೆವು. ಕೊಳ್ಳುವವರು ಇದನ್ನು ನೆನಪಿಡಿ. ಮೂರು ನೂರು ಮಿಷನ್ ಹಂಚು ಗೋದಾಮಿನ ಹಿಂದೆ ಜೋಡಿಸಿಟ್ಟಿದ್ದೇನೆ. ಒಡೆದರೆ ಅದರಿಂದಲೇ ಬದಲಿಸಿ.

ಮಾಡಿಗೆ 9.2 ಲಕ್ಷ. ಬಾಗಿಲು, ಕಿಟಕಿ, ಸೀಲಿಂಗ್ ಹಲಗೆ ಸೇರಿ ಉಳಿದ ಮರಗೆಲಸಕ್ಕೆ ಮುಂದೆ 5.6 ಲಕ್ಷ ಆಯಿತು.

ಜೂನ್ 2023: ಅವಸರದ ಗಿಲಾವು

ಮಾಡು ಮುಗಿದ ಹುರುಪಿನಲ್ಲಿ ಜೂನ್ ಎರಡನೇ ವಾರ ಹಜಾರದ ಒಂದು ಗೋಡೆಗೆ ಸುಣ್ಣದ ಗಿಲಾವು ಮಾಡಿಸಿದೆ. ಮೇಸ್ತ್ರಿ ಬೇಡ ಅಂದಿದ್ದರು. ಮಳೆಗಾಲದಲ್ಲಿ ಸುಣ್ಣ ಗಟ್ಟಿಯಾಗುವುದಿಲ್ಲ. ಅದಕ್ಕೆ ಗಾಳಿ ಬೇಕು, ನಿಧಾನಕ್ಕೆ ತೇವ ಬಿಡಬೇಕು. ಐದು ವಾರ ಆದರೂ ಉಗುರಿನಿಂದ ಗೀರಿದರೆ ಗೀರು ಬೀಳುತ್ತಿತ್ತು. ಆರನೇ ವಾರ ಬೂಸು ಬಂತು. ಕಿತ್ತುಹಾಕಿದೆವು. 31,000 ರೂಪಾಯಿ ಹೋಯಿತು.

ನವೆಂಬರ್ 2023–ಫೆಬ್ರವರಿ 2024: ಸರಿಯಾದ ಗಿಲಾವು

ಕರಾವಳಿಯಿಂದ ಚಿಪ್ಪಿನ ಸುಣ್ಣ ತರಿಸಿದೆವು. ಅಕ್ಟೋಬರ್‌ನಲ್ಲೇ ನಾಲ್ಕು ಡ್ರಮ್ಮಿನಲ್ಲಿ ನೀರು ತುಂಬಿ, ಸುಟ್ಟ ಚಿಪ್ಪನ್ನು ಸ್ವಲ್ಪ ಸ್ವಲ್ಪವೇ ನೀರಿಗೆ ಹಾಕಿದ್ದು. ಯಾವತ್ತೂ ಸುಣ್ಣಕ್ಕೆ ನೀರು ಸುರಿಯಬಾರದು, ನೀರಿಗೆ ಸುಣ್ಣ ಹಾಕಬೇಕು. ಕೊತಕೊತ ಕುದಿಯುತ್ತದೆ, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಜರಡಿ ಹಿಡಿದು, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಒಂದು ತಿಂಗಳು ಬಿಟ್ಟೆವು. ತೆಗೆದಾಗ ಬೆಣ್ಣೆಯ ಹಾಗೆ ಕರಣೆಗೆ ಅಂಟುತ್ತಿತ್ತು.

ಮಿಶ್ರಣ ಹೀಗಿತ್ತು: ಸುಣ್ಣ ಒಂದು ಪಾಲು, ಮರಳು ಎರಡು, ಇಟ್ಟಿಗೆ ಪುಡಿ ಒಂದು. ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರಿನಲ್ಲಿ ಕಲಸಿದ್ದು. ಒಂದು ಕೋಟ್ ಅರ್ಧ ಇಂಚಿಗಿಂತ ದಪ್ಪ ಬೇಡ. ಎರಡನೇ ಕೋಟಿಗೆ ಎರಡು ವಾರ ಕಾಯಬೇಕು. ಬಿಸಿಲು ಬೀಳುವ ಕಿಟಕಿಗೆ ಒದ್ದೆ ಗೋಣಿ ಕಟ್ಟಿ, ವಾರವಿಡೀ ಬೆಳಗ್ಗೆ ಸಂಜೆ ನೀರು ಚಿಮುಕಿಸಿದೆವು. ಕಾಫಿ ಕೊಯ್ಲಿನ ಸಮಯ, ಜನ ಸಿಗುವುದೇ ಕಷ್ಟ. ಆದರೆ ಈ ಕೆಲಸಕ್ಕೆ ಬೇರೆ ತಿಂಗಳು ಇಲ್ಲ. 6.4 ಲಕ್ಷ ಆಯಿತು.

ಪಶ್ಚಿಮದ ಕೋಣೆಗೆ ಮೊದಲು ಪರೀಕ್ಷೆ. ಎರಡಡಿ ಪ್ಲಾಸ್ಟಿಕ್ ಹಾಳೆಯನ್ನು ಬರಿ ಇಟ್ಟಿಗೆಗೆ ನಾಲ್ಕೂ ಕಡೆ ಟೇಪ್ ಹಾಕಿ ಮೂರು ದಿನ ಬಿಟ್ಟೆ. 2022ರಲ್ಲಿ ಹೀಗೆ ಮಾಡಿದಾಗ ಒಳಬದಿಯಲ್ಲಿ ಹನಿ ಕಟ್ಟಿತ್ತು. ಈ ಸಲ ಮಬ್ಬು ಕೂಡ ಇರಲಿಲ್ಲ.

ವೈರಿಂಗ್ ಪೂರ್ತಿ ಹೊಸದು, 2.85 ಲಕ್ಷ. ಬಚ್ಚಲು, ಪೈಪು 3.1 ಲಕ್ಷ. ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ನೆಲದ ರೆಡ್ ಆಕ್ಸೈಡ್ ಮೇಲಿನ ಪ್ಲಾಸ್ಟಿಕ್ ಹಾಸು ಕಿತ್ತು, ತೆಂಗಿನೆಣ್ಣೆ ಮತ್ತು ಜೇನುಮೇಣ ಹಾಕಿ ಉಜ್ಜಿದ್ದಕ್ಕೆ, ಬಿರುಕು ತುಂಬಿದ್ದಕ್ಕೆ 90,000. ತೇಪೆ ಹಾಕಿದ ಕಡೆ ಬಣ್ಣ ಹೊಂದಲಿಲ್ಲ. ಮೂರು ಸಲ ಪ್ರಯತ್ನಿಸಿ ಬಿಟ್ಟೆವು. ಹಜಾರದ ಬಾಗಿಲ ಬಳಿ ಕಾಣುತ್ತದೆ.

ಏಪ್ರಿಲ್ 2024: ಅಂಗಳ, ಮತ್ತು ಸಂಪಿಗೆ ಮರ

ಕೆರೆ ಹೂಳೆತ್ತಿ 14 ಟ್ರ್ಯಾಕ್ಟರ್ ಮಣ್ಣು ತೋಟಕ್ಕೆ ಹಾಕಿದೆವು. ಗೇಟಿನಿಂದ ಮನೆವರೆಗಿನ 240 ಮೀಟರ್ ದಾರಿಗೆ ಗೊರಚು ಮಣ್ಣು ಹಾಕಿ, ಎರಡೂ ಬದಿ ನೀರು ಹೋಗುವ ಹಾಗೆ ಮಾಡಿದೆವು. ಒಟ್ಟು 1.75 ಲಕ್ಷ.

ಈ ದಾರಿ ಕೆಲಸದಲ್ಲೇ ನನ್ನ ಅತಿ ದೊಡ್ಡ ತಪ್ಪು ನಡೆದದ್ದು. ದಾರಿ ತಿರುವಿನಲ್ಲಿ ಒಂದು ಸಂಪಿಗೆ ಮರವಿದೆ. ತಾತ ಮನೆ ಕೊಂಡಾಗಲೇ ದೊಡ್ಡದಿತ್ತಂತೆ. ಆ ದಿನ ಬ್ಯಾಂಕಿಗೆ ಹೋಗಬೇಕಿತ್ತು. ಜೆಸಿಬಿ ಹುಡುಗನಿಗೆ "ಮರದ ಹತ್ತಿರ ನೋಡಿಕೊಂಡು ಮಾಡು" ಅಂತ ಹೇಳಿ ಹೋದೆ. ಎಷ್ಟು ದೂರ ಅಂತ ಗೂಟ ಹೊಡೆದು ತೋರಿಸಲಿಲ್ಲ. ಮಧ್ಯಾಹ್ನ ಬಂದಾಗ ಕಾಂಡದಿಂದ ನಾಲ್ಕಡಿ ದೂರದಲ್ಲಿ ಕಂದಕ, ತೊಡೆ ಗಾತ್ರದ ಮೂರು ಬೇರು ಕತ್ತರಿಸಿ ಬಿದ್ದಿದ್ದವು. ಬೇರಿನ ಬಾಯಿಯಿಂದ ನೀರು ಒಸರುತ್ತಿತ್ತು. ಅವನದ್ದೇನೂ ತಪ್ಪಿಲ್ಲ. ಬೇರಿನ ತುದಿಯನ್ನು ಗರಗಸದಲ್ಲಿ ನೇರ ಮಾಡಿ, ಮಣ್ಣು ಮುಚ್ಚಿ, ಬೇಸಿಗೆ ಮುಗಿಯುವವರೆಗೆ ನೀರು ಹಾಕಿದೆ. ದಾರಿಯ ಕಡೆಯ ಎರಡು ಕೊಂಬೆ ಒಣಗಿತು, ಕಡಿಸಬೇಕಾಯಿತು. ಇನ್ನೊಂದು ಬದಿ ಹಸಿರಾಗಿದೆ, ಈ ವರ್ಷ ಹೂ ಬಿಟ್ಟಿದೆ.

ಜುಲೈ 2024: ಚಿಮಣಿ

2023ರಲ್ಲಿ ಮಳೆ ಕೈಕೊಟ್ಟಿತ್ತು. ರಾಜ್ಯದಲ್ಲಿ ಬರ ಘೋಷಣೆಯಾದ ವರ್ಷ ಅದು. ಮಾಡು ಎಲ್ಲೂ ಸೋರಲಿಲ್ಲ ಎಂದು ನಾನು ನೆಮ್ಮದಿಯಲ್ಲಿದ್ದೆ. ನಿಜವಾದ ಪರೀಕ್ಷೆ ನಡೆದದ್ದು 2024ರ ಜುಲೈನಲ್ಲಿ. ನಮ್ಮ ಮಳೆ ಮಾಪಕದಲ್ಲಿ ಒಂದೇ ರಾತ್ರಿ 6 ಇಂಚು 20 ಸೆಂಟ್ (ಇಂಚಿನ ನೂರನೇ ಒಂದು ಪಾಲು ಒಂದು ಸೆಂಟ್) ಬಿತ್ತು. ಬೆಳಗ್ಗೆ ಹಜಾರದ ಬೆಂಕಿಗೂಡಿನ ಪಕ್ಕ ಹೊಸ ಗಿಲಾವಿನ ಮೇಲೆ ಕಂದು ಗೆರೆ ಇಳಿದಿತ್ತು.

ಚಿಮಣಿ ಮಾಡನ್ನು ತೂರಿ ಹೊರಬರುವ ಜಾಗ ಯಾವ ಹಳೇ ಬಂಗಲೆಯಲ್ಲೂ ಕಿರಿಕಿರಿಯೇ. ನಾವು 2023ರ ಮಾರ್ಚ್‌ನಲ್ಲಿ ತುಕ್ಕು ಹಿಡಿದ ತಗಡು ತೆಗೆದು ಅಲ್ಯೂಮಿನಿಯಂ ಹಾಳೆ ಕೂರಿಸಿ, ಅಂಚನ್ನು ಸುಣ್ಣದ ಗಾರೆಯಲ್ಲಿ ಮುಚ್ಚಿದ್ದೆವು. ಹಂಚು ಸರಿಸಿ ನೋಡಿದರೆ ಗಾರೆ ತಾಗಿದ ಕಡೆಯೆಲ್ಲ ಬಿಳಿ ಪುಡಿ. ಅದನ್ನು ಕೆರೆದರೆ ಕೆಳಗೆ ಸೂಜಿಮೊನೆಯ ತೂತುಗಳು. ಹಾಳೆಯನ್ನು ಬೆಳಕಿಗೆ ಹಿಡಿದಾಗ ಜರಡಿಯ ಹಾಗೆ ಕಂಡಿತು. ಹಸಿ ಸುಣ್ಣ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಸಿಮೆಂಟೂ ಅಷ್ಟೇ. ಇದು ಯಾರಿಗೂ ಹೊಳೆದಿರಲಿಲ್ಲ.

ಮಳೆ ನಿಲ್ಲುವವರೆಗೆ ಟಾರ್ಪಾಲ್ ಕಟ್ಟಿ, ನವೆಂಬರ್‌ನಲ್ಲಿ ತಾಮ್ರದ ಹಾಳೆ ಹಾಕಿಸಿದೆವು. ಮೇಲಿನ ಬದಿಯಲ್ಲಿ, ಚಿಮಣಿ ಬೆನ್ನಿಗೆ ನೀರು ಬಂದು ನಿಲ್ಲುವ ಕಡೆ, ಒಂದು ಪುಟ್ಟ ದಿಬ್ಬ ಕಟ್ಟಿ ನೀರು ಎರಡು ಕಡೆಗೆ ಒಡೆದು ಹೋಗುವ ಹಾಗೆ ಮಾಡಿದೆವು. ಚಿಮಣಿಯ ತುದಿಯನ್ನು ಯಾರೋ ಹಿಂದೆ ಸಿಮೆಂಟ್ ಹಲಗೆ ಹಾಕಿ ಮುಚ್ಚಿದ್ದರು. ಅದನ್ನು ತೆಗೆದು, ಗಾಳಿ ಆಡುವ ಹಾಗೆ ನಾಲ್ಕು ಇಟ್ಟಿಗೆ ಕಾಲಿನ ಮೇಲೆ ಕಲ್ಲಿನ ಟೋಪಿ ಇಟ್ಟೆವು. ಈಗ ಬೆಂಕಿ ಹಾಕಿದರೆ ಹೊಗೆ ನೆಟ್ಟಗೆ ಏರುತ್ತದೆ. ಡಿಸೆಂಬರ್‌ನ ಚಳಿಯಲ್ಲಿ ಅಮ್ಮ ಅದರ ಮುಂದೆ ಕೂತು, ತಾನು ಮದುವೆಯಾಗಿ ಬಂದ ವರ್ಷದ ನಂತರ ಇದು ಉರಿದದ್ದನ್ನು ನೋಡಿಲ್ಲ ಅಂದರು.

ಲೆಕ್ಕ

ಮೇಲೆ ಬರೆದದ್ದಕ್ಕೆ ಸಾಗಾಟ, ಟಾರ್ಪಾಲ್, ಊಟ, ಚಿಮಣಿ ಕೆಲಸ 1.3 ಲಕ್ಷ ಸೇರಿಸಿದರೆ 32.2 ಲಕ್ಷ. ರೀಪು ಮತ್ತು ಜೂನ್ ಗಿಲಾವಿನ ನಷ್ಟ ಇದರೊಳಗೇ ಇದೆ. 2022ರ ಬಣ್ಣದ 42,000 ಇದರಲ್ಲಿಲ್ಲ. ನಾನು ಅಂದಾಜು ಮಾಡಿದ್ದು 18 ಲಕ್ಷ. ಹಳೇ ಮನೆಗೆ ಅಂದಾಜು ಹಾಕುವವರು ಹಂಚು ಇಳಿಸಿದ ಮೇಲೆ ಹಾಕಿ. ಅದಕ್ಕೆ ಮೊದಲು ಹಾಕಿದ ಲೆಕ್ಕ ಸುಮ್ನೆ.

ಕಾಗದ ಪತ್ರ

ರಿಪೇರಿಯ ಜೊತೆಗೇ ಇದನ್ನೂ ಶುರು ಮಾಡಬೇಕಿತ್ತು. ಪೋಡಿ (ಅಳತೆ ಮಾಡಿ ಜಮೀನು ಬೇರ್ಪಡಿಸುವುದು), ನಕ್ಷೆ, ಹಕ್ಕು ಬದಲಾವಣೆಗೆ ಏಳು ತಿಂಗಳು ಹಿಡಿಯಿತು. ಕೊಡಗಿನಲ್ಲಿ ಜಾಗ ನೋಡುವವರು ಪಹಣಿಯಲ್ಲಿ ಮೊದಲು ನೋಡಬೇಕಾದದ್ದು ಅದು ಸಾಗುವೋ (ಸಾಮಾನ್ಯ ಕಂದಾಯ ಜಮೀನು), ಜಮ್ಮವೋ (ವಂಶಪಾರಂಪರ್ಯದ ಹಿಡುವಳಿ), ಬಾಣೆಯೋ ಎಂದು. ಬಾಣೆ ಅಂದರೆ ಗದ್ದೆಯ ಜೊತೆಗೆ ಸೊಪ್ಪು, ಸೌದೆ, ಮೇವಿಗೆ ಅಂತ ಬಂದ ಜಾಗ, ಅದರ ನಿಯಮವೇ ಬೇರೆ. ಆಮೇಲೆ ರಿಡೀಮ್ಡ್, ಅಂದರೆ ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡದ್ದು, ಹೌದೋ ಅಲ್ಲವೋ ನೋಡಿ. ಅಲ್ಲದಿದ್ದರೆ ಜಾಗ ನಿಮ್ಮದಾದರೂ ಮರದ ಹಕ್ಕು ಸರ್ಕಾರದ್ದು. ನಮ್ಮದು ರಿಡೀಮ್ಡ್ ಸಾಗು. 2020ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಹೋದ ಮೇಲೆ ಕೃಷಿಕರಲ್ಲದವರೂ ಕೊಳ್ಳಬಹುದು. ಹೊರದೇಶದಲ್ಲಿ ನೆಲೆಸಿದವರಿಂದಲೂ ಫೋನ್ ಬರುತ್ತಿದೆ. ಅನಿವಾಸಿ ಭಾರತೀಯರು ತೋಟ, ಕೃಷಿ ಜಮೀನು, ತೋಟದ ಮನೆ ಕೊಳ್ಳುವಂತಿಲ್ಲ ಎಂದು ಅವರಿಗೆ ಮೊದಲೇ ಹೇಳಿಬಿಡುತ್ತೇನೆ.

ಮಾರ್ಚ್ 2025

ನೋಡಲು ಬಂದವರಲ್ಲಿ ಹೆಚ್ಚಿನವರು ಹುಲ್ಲಿನ ಮೇಲೆ ನಿಂತು ಫೋಟೋ ತೆಗೆದು ಹೋದರು. ಒಬ್ಬರು ವೆರಾಂಡಕ್ಕೆ ಗಾಜು ಹಾಕಿ, ಗೋಡೆಗೆ ಟೈಲ್ಸ್ ಅಂಟಿಸುವ ಮಾತಾಡಿದರು. ಪಶ್ಚಿಮ ಕೋಣೆಯ ಕಥೆ ಪೂರ್ತಿ ಹೇಳಿದೆ, ಅವರಿಗೆ ಇಷ್ಟ ಆಗಲಿಲ್ಲ. ಈ ಗೋಡೆಗೆ ಸಿಮೆಂಟ್ ಬಳಿಯುವವರಿಗೆ ಮನೆ ಕೊಡಲು ನನಗೆ ಮನಸ್ಸಿಲ್ಲ, ಎರಡು ಲಕ್ಷ ಕಡಿಮೆ ಬಂದರೂ ಪರವಾಗಿಲ್ಲ. ಪಾಲುದಾರರಿಗೂ ಇದನ್ನು ಹೇಳಿದ್ದೇನೆ.

ಹೋದ ವಾರ ಮೈಸೂರಿನಿಂದ ಒಂದು ಕುಟುಂಬ ಬಂದಿತ್ತು. ಆ ಯಜಮಾನರು ಅಟ್ಟಕ್ಕೆ ಹತ್ತಿ ಟಾರ್ಚ್ ಹಿಡಿದು ಪಕ್ಕಾಸಿನ ತುದಿಗಳನ್ನು ಒಂದೊಂದಾಗಿ ನೋಡಿದರು. ಹಜಾರದ ಕಂದು ಗೆರೆ ಎಲ್ಲಿತ್ತು ಅಂತ ಕೇಳಿದರು. ತೋರಿಸಿದೆ. ಹಲಸಿನ ಕಾಲದಲ್ಲಿ ಆನೆ ಬರುತ್ತದೆ, ಕಾಯಿ ಎಳತಾಗಿರುವಾಗಲೇ ಇಳಿಸಬೇಕು ಅಂತಲೂ ಹೇಳಿದೆ. ಅವರು ಈಗಲೇ ಮುಂಗಡ ಕೊಡುವುದಿಲ್ಲವಂತೆ. ಕಕ್ಕಡದಲ್ಲಿ ಬಂದು ಎರಡು ರಾತ್ರಿ ಉಳಿಯುತ್ತಾರಂತೆ, ತಾಮ್ರದ ಹಾಳೆ ಹಾಕಿದ ಮೇಲೆ ಬರುವ ಮೊದಲ ಮಳೆಗಾಲದಲ್ಲಿ ಮನೆ ನೋಡಲು. ನಾನು ಒಪ್ಪಿದ್ದೇನೆ.

ನಿನ್ನೆ ಕಾಫಿ ಹೂ ಅರಳಿಸುವ ಹೂಮಳೆ ಬಂತು, 1 ಇಂಚು 10 ಸೆಂಟ್. ಬೆಳಗ್ಗೆ ಎದ್ದು ಮೊದಲು ಅಟ್ಟಕ್ಕೆ ಹೋದೆ, ಒಣಗಿತ್ತು. ಆಮೇಲೆ ಪಶ್ಚಿಮದ ಕಲ್ಲಿನ ಚರಂಡಿಯಲ್ಲಿ ಸೇರಿದ್ದ ಸಿಲ್ವರ್ ಓಕ್ ಎಲೆ ಎರಡು ಬುಟ್ಟಿ ತೆಗೆದೆ. ಇನ್ನೂ ದಕ್ಷಿಣದ ಬದಿ ಉಳಿದಿದೆ.